ಕಾಗದದ ಕೆಳಗಿನ ಎರಡಕ್ಷರ

5 ಸೆಪ್ಟೆಂಬರ್ 1981, ಶನಿವಾರ

ಇಂದಿನಿಂದ ನಮ್ಮ ಆಫೀಸಿನಲ್ಲಿ ಬಣ್ಣಕ್ಕೆ ‘ಯು’ ಇಲ್ಲ.

ಹೊಸ ಮ್ಯಾನೇಜರ್ ಗ್ಯಾರಿಸನ್ ಬಂದು ಮೂರು ದಿನ ಆಗಿಲ್ಲ, ಕುರ್ಚಿ ಇನ್ನೂ ಬಿಸಿಯಾಗಿಲ್ಲ, ಆಗಲೇ ಸುತ್ತೋಲೆ. ನಕ್ಷೆಗಳು ಅಮೆರಿಕದಿಂದ ಬರುವುದರಿಂದ ಕಾಗದಗಳೂ ಅಮೆರಿಕದ ಸ್ಪೆಲ್ಲಿಂಗಿನಲ್ಲೇ ಹೋಗಬೇಕಂತೆ. ಕಲರ್, ಲೇಬರ್, ಹಾರ್ಬರ್, ಇವುಗಳ ಹೊಟ್ಟೆಯೊಳಗಿನ ‘ಯು’ ಕಿತ್ತು ಹಾಕಬೇಕು. ಸೆಂಟರಿನ ಕೊನೆಯಲ್ಲಿ ‘ಆರ್’, ‘ಇ’ ಜಾಗ ಬದಲಾಯಿಸಿಕೊಳ್ಳಬೇಕು. ಪ್ರೋಗ್ರಾಮಿನ ಬಾಲ ಕತ್ತರಿಸಬೇಕು. ಟೈರಿಗೆ ‘ವೈ’ ಬೇಡ, ‘ಐ’ ಸಾಕು. ಮೈಸೂರಿನ ಕಚೇರಿಯಲ್ಲಿ ಇಪ್ಪತ್ತು ವರ್ಷ, ಕುವೈತಿನ ಈ ಫಿಂಟಾಸಿನ ಕನ್ಸಲ್ಟೆನ್ಸಿ ಆಫೀಸಿನಲ್ಲಿ ಹನ್ನೊಂದು ವರ್ಷ ಟೈಪ್ ಮಾಡಿದ ಈ ಲಕ್ಷ್ಮೀನರಸಿಂಹನ ಬೆರಳಿಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಅಕ್ಷರಾಭ್ಯಾಸ. ನಗಬೇಕೋ ಅಳಬೇಕೋ.

ಎದುರು ಮೇಜಿನ ನ್ಯಾನ್ಸಿ ಸುತ್ತೋಲೆ ಓದಿ, “ಒಳ್ಳೇದೇ ಆಯ್ತಲ್ಲ ಸಾರ್, ಅಕ್ಷರ ಕಡಿಮೆ” ಎಂದು ನಕ್ಕಳು. ಕಿನ್ನಿಗೋಳಿ ಕಡೆಯ ಹುಡುಗಿ. ಮೂರು ವರ್ಷದ ಹಿಂದೆ ಸೇರಿದವಳು. ಅವಳಿಗೇನು, ಕರೆಂಟಿನ ಟೈಪ್‌ರೈಟರ್ ಇದೆ, ವಯಸ್ಸಿದೆ.

ಸುತ್ತೋಲೆಯ ಕೆಳಗೆ ಇನ್ನೊಂದು ಸಾಲು ಇತ್ತು. ಅದನ್ನು ನ್ಯಾನ್ಸಿಯೇ ಓದಿ ಹೇಳಿದಳು, ಈ ಸಲ ನಗದೆ. ಫೆಬ್ರವರಿಯಿಂದ ಈ ಆಫೀಸಿಗೆ ಒಬ್ಬ ಟೈಪಿಸ್ಟ್ ಸಾಕಂತೆ. ನನ್ನ ಇಕಾಮಾ, ಇಲ್ಲಿ ಇರಲು ಕೊಟ್ಟ ಪರವಾನಗಿ, ಜನವರಿ ಮೂವತ್ತೊಂದಕ್ಕೆ ಮುಗಿಯುತ್ತದೆ. ಅದು ಹೋದರೆ ದೇಶ ಬಿಡಬೇಕು. ಮಗಳು ಪ್ರಭಾ ಹತ್ತನೇ ತರಗತಿ, ಮಾರ್ಚಿನಲ್ಲಿ ಪರೀಕ್ಷೆ. ಜನವರಿಯಲ್ಲಿ ಗಂಟುಮೂಟೆ ಕಟ್ಟಿದರೆ ಮಗುವಿನ ಒಂದು ವರ್ಷ ಮಣ್ಣುಪಾಲು. ಹೆಂಡತಿ ಪದ್ಮಳಿಗೆ ಇದನ್ನು ಇನ್ನೂ ಹೇಳಿಲ್ಲ.

9 ಸೆಪ್ಟೆಂಬರ್, ಬುಧವಾರ

ಒಂದು ನೋಟ್‌ಬುಕ್ ತಂದಿದ್ದೇನೆ. ಎಡಕ್ಕೆ ನಮ್ಮ ಪದ, ಬಲಕ್ಕೆ ಗ್ಯಾರಿಸನ್ ಪದ. ಸ್ಪೆಲ್ಲಿಂಗ್ ಒಂದೇ ಆಗಿದ್ದರೆ ಬಾಯಿಪಾಠ ಮಾಡಬಹುದಿತ್ತು. ಇವರಿಗೆ ಪದಗಳೇ ಬೇರೆ. ಸ್ಪ್ಯಾನರ್ ಅಂದರೆ ರೆಂಚ್, ಲಾರಿ ಅಂದರೆ ಟ್ರಕ್, ನಲ್ಲಿಯ ಟ್ಯಾಪ್ ಅಂದರೆ ಫಾಸೆಟ್, ಲಿಫ್ಟ್ ಅಂದರೆ ಎಲಿವೇಟರ್. ಟಾರ್ಚ್ ಎಂದರೆ ಅವರಿಗೆ ಬೆಂಕಿ ಪಂಜು. ಗ್ಯಾಸ್ ಎಂಬುದು ನಮ್ಮ ಅಡುಗೆಮನೆಯಲ್ಲಿ ಒಲೆಯದು, ನಮ್ಮತ್ತೆಗೆ ಹೊಟ್ಟೆಯದು, ಗ್ಯಾರಿಸನ್‌ಗೆ ಕಾರಿನದು.

ಪ್ರಭಾಳನ್ನು ಕೂರಿಸಿಕೊಂಡು ಕೇಳು ಎಂದೆ. ನಾಲ್ಕು ವರ್ಷದವಳಾಗಿ ಇಲ್ಲಿಗೆ ಬಂದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. ನೋಟ್‌ಬುಕ್ ನೋಡಿ, “ಅಪ್ಪಾ, ಯು ರೋಟ್ ಆನ್ ಟಾಪ್ ಆಫ್ ದಿ ಓಲ್ಡ್ ಲೈನ್” ಎಂದಳು. ಬರೆದ ಸಾಲಿನ ಮೇಲೇ ಇನ್ನೊಂದು ಸಾಲು ಬರೆದಿದ್ದೇನಂತೆ. ಹೌದು ಮತ್ತೆ, ಇತ್ತೀಚೆಗೆ ನೋಟ್‌ಬುಕ್ಕಿಗೆ ಗೆರೆಯನ್ನೂ ನೆಟ್ಟಗೆ ಹಾಕುವುದಿಲ್ಲ ಕಳ್ಳರು. ಅದರ ಮೇಲೆ ನಮ್ಮ ರೂಮಿನ ಬಲ್ಬು. ಈ ಮೈದಾನ್ ಹವಲ್ಲಿಯ ಕಟ್ಟಡದಲ್ಲಿ ಎಲ್ಲರ ಮನೆಯೂ ಬೆಳಗುತ್ತದೆ, ನಮ್ಮದು ಮಾತ್ರ ಮಂಕು. ಕಾವಲುಗಾರನಿಗೆ ಎರಡು ಸಲ ಹೇಳಿದೆ. ಬಂದು ನೋಡಿ, ಬಲ್ಬು ಚೆನ್ನಾಗೇ ಇದೆ ಎಂದು ಕೈಯಾಡಿಸಿ ಹೋದ.

ದಿನಚರಿಯನ್ನು ಇನ್ನು ಮೇಲೆ ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯುವುದು ಎಂದು ನಿಶ್ಚಯಿಸಿದ್ದೇನೆ.

22 ಸೆಪ್ಟೆಂಬರ್, ಮಂಗಳವಾರ

ಗ್ಯಾರಿಸನ್ ಕೋಣೆಯಿಂದ ನನ್ನ ಕಾಗದ ವಾಪಸ್ ಬಂತು. ಐದು ಕೆಂಪು ಸುತ್ತು. ಮೂವತ್ತೊಂದು ವರ್ಷದಲ್ಲಿ ಐದು ಸುತ್ತು ಒಂದೇ ದಿನ ಕಂಡವನಲ್ಲ ನಾನು. ಎಲ್ಲವೂ ಆ ‘ಯು’ ಜಗಳವೇ ಇರಬೇಕೆಂದು ನೋಡಲೂ ಹೋಗಲಿಲ್ಲ. ಸಿಟ್ಟಿನಲ್ಲಿ ಕಾಗದ ಮಡಚಿ ಬುಟ್ಟಿಗೆ ಎಸೆದೆ.

ನ್ಯಾನ್ಸಿ ಮೆಲ್ಲಗೆ, “ಸಾರ್, ಅದು ಸ್ಪೆಲ್ಲಿಂಗ್ ಅಲ್ಲ. ನಾನೊಮ್ಮೆ ನೋಡ್ತೇನೆ, ಕೊಡಿ” ಎಂದಳು.

“ನಿನ್ನ ಕೆಲಸ ನೀನು ನೋಡ್ಕೋಮ್ಮ” ಎಂದೆ.

ಇವಳೇಕೆ ನೋಡಬೇಕು? ನಾವಿಬ್ಬರು ಟೈಪ್ ಮಾಡಿದ್ದೆಲ್ಲ ಇವಳ ಟ್ರೇಗೇ ಬೀಳುತ್ತದೆ. ಇವಳ ಮೇಜು ಮ್ಯಾನೇಜರ್ ಬಾಗಿಲ ಪಕ್ಕದಲ್ಲಿರುವುದರಿಂದ ಸಹಿಗೆ ಒಳಗೆ ಒಯ್ಯುವವಳೂ ಇವಳೇ, ಆಮೇಲೆ ಫೈಲಿಗೆ ಸೇರಿಸುವವಳೂ ಇವಳೇ. ನನ್ನ ತಪ್ಪು ಎಣಿಸಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕೆ? ಕುರ್ಚಿ ಒಂದು, ಕೂರುವವರು ಇಬ್ಬರು. ನಾನೇನು ಕಡಲೆಪುರಿ ತಿನ್ನುತ್ತಾ ಬೆಳೆದ ಮಗುವೆ, ಇಷ್ಟು ಗೊತ್ತಾಗದೆ ಇರಲು?

ಟೈಪಿಸ್ಟಿಗೆ ಕಾಗದದ ಮೇಲೆ ಹೆಸರಿಲ್ಲ. ಕೆಳಗೆ ಎಡಮೂಲೆಯಲ್ಲಿ ಎರಡಕ್ಷರ ಇದೆ, ಅಷ್ಟೆ. ಹೇಳಿದವರ ಇನಿಶಿಯಲ್ಸ್ ದೊಡ್ಡಕ್ಷರದಲ್ಲಿ, ಒಂದು ಓರೆಗೆರೆ, ಆಮೇಲೆ ಟೈಪ್ ಮಾಡಿದವರದು ಚಿಕ್ಕಕ್ಷರದಲ್ಲಿ. ನನ್ನದು ‘ಎಲ್‌ಎನ್’. ನ್ಯಾನ್ಸಿ ಡಿಸೋಜಳದು ‘ಎನ್‌ಡಿ’. ಮೈಸೂರಿನ ನಮ್ಮ ಹೆಡ್ ಕ್ಲರ್ಕ್ ಹೇಳುತ್ತಿದ್ದರು: ಸಹಿ ಸಾಹೇಬರದು, ಪಾಪ ಪುಣ್ಯ ಈ ಎರಡಕ್ಷರದ್ದು, ಯಾರ ಕೈ ಹೊಡೆಯಿತೋ ಅವರದೇ ಇರಬೇಕು. ನ್ಯಾನ್ಸಿ ಸೇರಿದ ಮೊದಲ ವಾರ ನಾನು ಅವಳಿಗೆ ಕಲಿಸಿದ್ದೂ ಇದೇ.

13 ಅಕ್ಟೋಬರ್, ಮಂಗಳವಾರ

ಇವತ್ತು ಮರ್ಯಾದೆ ಹೋಯಿತು. ಗ್ಯಾರಿಸನ್ ಸೆಕೆಂಡ್ ಫ್ಲೋರಿನಲ್ಲಿ ಹೊಸದಾಗಿ ಹಿಡಿದ ಮೀಟಿಂಗ್ ರೂಮಿಗೆ ನಕ್ಷೆಗಳನ್ನು ತಾ ಎಂದ. ನೆಲದ ಮಟ್ಟದ್ದು ಗ್ರೌಂಡ್, ಅದರ ಮೇಲಿನದು ಫಸ್ಟ್, ಅದರ ಮೇಲಿನದು ಸೆಕೆಂಡ್. ಹುಟ್ಟಿದಾಗಿನಿಂದ ಕಲಿತ ಲೆಕ್ಕ. ಹತ್ತಿದೆ. ಬಾಗಿಲು ತಳ್ಳಿದರೆ ಯಾವುದೋ ಟ್ರಾವೆಲ್ಸ್ ಆಫೀಸು, ನಾಲ್ಕು ಜನ ಈಜಿಪ್ಟಿನವರು ತಿಂಡಿ ತಿನ್ನುತ್ತಿದ್ದಾರೆ. ಪಾಪ, ಒಳ್ಳೆಯವರು, ಕೂತು ತಿನ್ನಿ ಎಂದರು. ಅಮೆರಿಕದವರಿಗೆ ನೆಲದ ಮಟ್ಟದ್ದೇ ಫಸ್ಟ್ ಫ್ಲೋರಂತೆ! ನಾನು ಒಂದಂತಸ್ತು ಹೆಚ್ಚು ಹತ್ತಿದ್ದೆ.

ಕೆಳಗೆ ಬರುವಾಗ ಆಫೀಸ್ ವ್ಯಾನಿನ ಡ್ರೈವರ್ ಹಂಝ ಸಿಕ್ಕಿದ. ಉಳ್ಳಾಲದ ಬ್ಯಾರಿ, ನನ್ನದೇ ವಯಸ್ಸು. “ಎಂತ ಸಾರ್, ಬಾಗಿಲ ಮೇಲೆ ಟ್ರಾವೆಲ್ಸಿನ ಬೋರ್ಡ್ ಕಾಣ್ಲಿಲ್ವಾ? ಇಷ್ಟು ದೊಡ್ಡ ಉಂಟಲ್ಲ” ಎಂದು ಎರಡು ಕೈ ಅಗಲಿಸಿ ತೋರಿಸಿದ.

ಆ ಕತ್ತಲ ಮೆಟ್ಟಿಲಲ್ಲಿ ಯಾರಿಗೆ ಕಾಣಬೇಕು? ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ದೀಪ ಹಾಕುವುದಿಲ್ಲ.

27 ಅಕ್ಟೋಬರ್, ಮಂಗಳವಾರ

ದೀಪಾವಳಿ. ರಜೆ ಇಲ್ಲ. ಇನ್ನೂ ಎರಡು ಕಾಗದ ವಾಪಸ್.

ಪದ್ಮಳಿಗೆ ಇಕಾಮಾದ ವಿಷಯ ಹೇಳಿಬಿಟ್ಟೆ. ಅಳಲಿಲ್ಲ. ಒಬ್ಬಟ್ಟು ತಟ್ಟುತ್ತಾ, “ಮೊದ್ಲು ಕಣ್ಣು ತೋರಿಸ್ಕೊಳ್ರೀ” ಎಂದಳು. ಕಣ್ಣಿಗೂ ಅಮೆರಿಕಕ್ಕೂ ಏನು ಸಂಬಂಧ ಎಂದೆ. “ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಬಲ್ಬು ಸರಿ ಇಲ್ಲ, ಗೆರೆ ಸರಿ ಇಲ್ಲ, ಮೆಟ್ಟಿಲು ಸರಿ ಇಲ್ಲ. ನಿಮ್ಮನ್ನ ಬಿಟ್ಟು ಕುವೈತೆಲ್ಲ ಡೊಂಕು!”

ಹಬ್ಬದ ದಿನ ಬಾಯಿ ಮಾಡಬಾರದೆಂದು ಒಬ್ಬಟ್ಟಿಗೆ ಕೈ ಹಾಕಿದೆ. ಅವಳಿಗೇನು ಗೊತ್ತು. ಆಸ್ಪತ್ರೆಯ ಚೀಟಿ ಆಫೀಸಿಗೆ ಹೋದರೆ ಆ ಕುರ್ಚಿ ಅವತ್ತೇ ನ್ಯಾನ್ಸಿಯದು. ಮತ್ತೆ ನನ್ನ ಕಣ್ಣಿಗೇನಾಗಿದೆ? ಗ್ಯಾರಿಸನ್ ಕರಡು ಬರೆಯುವುದು ಪೆನ್ಸಿಲಿನಲ್ಲಿ. ಇರುವೆ ಕಾಲಿಗೆ ಮಸಿ ಹಚ್ಚಿ ಬಿಟ್ಟ ಹಾಗೆ. ದೇವರಿಗೂ ಓದಲಾಗುವುದಿಲ್ಲ.

8 ನವೆಂಬರ್, ಭಾನುವಾರ

ಜಯ! ಹನ್ನೆರಡು ದಿನದಿಂದ ಒಂದೇ ಒಂದು ಕಾಗದ ವಾಪಸ್ ಬಂದಿಲ್ಲ. ಇವತ್ತು ಗ್ಯಾರಿಸನ್ ಹಾದುಹೋಗುವಾಗ ನನ್ನ ಭುಜ ತಟ್ಟಿ, ನಿನ್ನ ಕೆಲಸ ಈಗ ಕ್ಲೀನ್ ಎಂದ. ಕಲಿಯಬೇಕೆಂದರೆ ಕಲಿಯಬಹುದು ಎಂಬುದಕ್ಕೆ ನಾನೇ ಸಾಕ್ಷಿ. ನೋಟ್‌ಬುಕ್ಕಿನಲ್ಲಿ ಈಗ ನೂರಾ ನಲವತ್ತು ಪದಗಳಿವೆ. ಗ್ರೇ ಬಣ್ಣದ ‘ಇ’ ಹೋಗಿ ‘ಎ’ ಬಂದಿದೆ. ಅಲ್ಯುಮಿನಿಯಂನಿಂದ ಒಂದು ‘ಐ’ ಬಿದ್ದುಹೋಗಿದೆ. ಬೆರಳು ತಾನಾಗಿಯೇ ‘ಯು’ ಬಿಟ್ಟು ಹಾರುತ್ತದೆ.

ನ್ಯಾನ್ಸಿ ಸುಸ್ತಾಗಿ ಕಾಣುತ್ತಾಳಂತೆ, ಹಂಝ ಹೇಳಿದ. ಪೈಪೋಟಿಯ ಸುಸ್ತು ಇರಬೇಕು. ಈಚೆಗೆ ನನ್ನ ಹತ್ತಿರ ಮಾತೂ ಕಡಿಮೆ.

19 ನವೆಂಬರ್, ಗುರುವಾರ

ಇವತ್ತೂ ಕ್ಲೀನ್. ಸ್ಕೆಚ್ ಪೆನ್ನಿನಲ್ಲಿ ಬರೆದರೆ ದಿನಚರಿ ಚೆನ್ನಾಗಿ ಕಾಣುತ್ತದೆ. ಪುಟಕ್ಕೆ ಎಂಟೇ ಸಾಲು ಹಿಡಿಸುತ್ತದೆ, ಹಿಡಿಸಲಿ.

5 ಡಿಸೆಂಬರ್, ಶನಿವಾರ

ಏನೋ ನಡೆಯುತ್ತಿದೆ.

ಹೋದ ತಿಂಗಳ ಒಂದು ಕಾಗದ ಬೇಕಾಗಿ ಫೈಲಿನಿಂದ ತೆಗೆದೆ. ವಾಲ್ವ್‌ಗಳ ಬಗ್ಗೆ ನಾನೇ ಟೈಪ್ ಮಾಡಿದ್ದು, ಎರಡು ಪುಟ. ಹೊರತೆಗೆಯುವಾಗ ಹಿಂಬದಿಗೆ ಕೈ ತಗಲಿತು. ನುಣ್ಣಗಿದೆ.

ನನ್ನ ಹಳೆಯ ಮೆಷಿನ್ನು ಕೈ ಮೆಷಿನ್ನು, ನನ್ನ ಹೊಡೆತ ಮೊದಲಿನಿಂದ ಒರಟು. ನನ್ನ ಪೂರ್ಣವಿರಾಮ ತೆಳು ಹಾಳೆಯನ್ನು ತೂತು ಮಾಡುತ್ತದೆ. ಚಿಕ್ಕವಳಿದ್ದಾಗ ಪ್ರಭಾ ನನ್ನ ಹಳೇ ಕಾಪಿಗಳನ್ನು ಕಿಟಕಿಗೆ ಹಿಡಿದು ನಕ್ಷತ್ರ ಎಣಿಸುತ್ತಿದ್ದಳು. ಹಾಳೆ ತಿರುಗಿಸಿ ಸವರಿದರೆ ಸಾಲುಸಾಲು ಬೆರಳಿಗೆ ಸಿಗಬೇಕು. ಇದರಲ್ಲಿ ಏನೂ ಸಿಗಲಿಲ್ಲ. ಕರೆಂಟಿನ ಮೆಷಿನ್ನಿನ ಮೆತ್ತನೆಯ ಹೊಡೆತ. ಕೆಳಗಿನ ಎಡಮೂಲೆಯನ್ನು ಮೂಗಿಗೆ ತಾಗಿಸಿಕೊಂಡು ಓದಿದೆ. ‘ಎಲ್‌ಎನ್’ ಎಂದಿದೆ.

ಇನ್ನೂ ಆರು ಕಾಗದ ತೆಗೆದು ಸವರಿದೆ. ಆರೂ ನುಣ್ಣಗೆ. ಆರರಲ್ಲೂ ನನ್ನ ಅಕ್ಷರ.

6 ಡಿಸೆಂಬರ್, ಭಾನುವಾರ

ಟಿಫನ್ ಬಾಕ್ಸ್ ಮರೆತೆನೆಂದು ನೆಪ ಹೇಳಿ ಹಂಝನ ವ್ಯಾನ್ ತಿರುಗಿಸಿದೆ. ಆಫೀಸ್ ಬಿಟ್ಟು ಅರ್ಧ ಗಂಟೆಯಾಗಿತ್ತು. ಹೊರಗಿನಿಂದಲೇ ಕೇಳಿಸಿತು, ಅವಳ ಮೆಷಿನ್ನಿನ ಗುಂಯ್ ಗುಂಯ್. ಅವಳ ಗಂಡ ಡೋಲ್ಫಿ ಕೆಲಸ ಮುಗಿಸಿ ಐದೂವರೆಗೆ ಬಂದು ಕರೆದೊಯ್ಯುತ್ತಾನೆ. ಅಲ್ಲಿಯವರೆಗೆ ಇವಳು ಒಬ್ಬಳೇ ಇರುತ್ತಾಳೆ.

ನನ್ನನ್ನು ಕಂಡವಳೇ ಹಾಳೆ ಎಳೆದು ಡ್ರಾಯರಿಗೆ ಹಾಕಿದಳು. “ಎಂತ ಸಾರ್, ಮರ್ತು ಹೋದ್ರಾ?” ಎಂದಳು. ಮಾತಾಡುತ್ತಲೇ ಡ್ರಾಯರಿನ ಬೀಗ ತಿರುಗಿಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಈಗ ಎಲ್ಲ ಅರ್ಥವಾಯಿತು. ತಾನು ಹೊಡೆದ ಕಾಗದಕ್ಕೆ ನನ್ನ ಅಕ್ಷರ ಹಾಕುತ್ತಿದ್ದಾಳೆ. ನಾಳೆ ಒಂದರಲ್ಲಿ ದೊಡ್ಡ ತಪ್ಪು ಬಿಟ್ಟರೆ ಸಾಕು, ತಲೆ ಹೋಗುವುದು ನನ್ನದು. ಮೂರು ವಾರ ಸಂಜೆ ಕೂತು ಇವಳಿಗೆ ಟೈಪಿನಲ್ಲಿ ಅಂಕಣ ಹಾಕುವುದು ಕಲಿಸಿದವನಿಗೆ ಇದು ಗುರುದಕ್ಷಿಣೆ.

8 ಡಿಸೆಂಬರ್, ಮಂಗಳವಾರ

ದೂರು ಕೊಟ್ಟೆ. ನನ್ನ ಇನಿಶಿಯಲ್ಸ್ ಇನ್ನೊಬ್ಬರು ಬಳಸುತ್ತಿದ್ದಾರೆ ಎಂದು ನಾಲ್ಕು ಸಾಲು. ಏಳು ಕಾಗದಗಳನ್ನು ಜೊತೆಗಿಟ್ಟೆ. ಗ್ಯಾರಿಸನ್ ಹಾಳೆಗಳನ್ನು ನೋಡಿದ ತಕ್ಷಣ, ಇದು ಕರೆಂಟಿನ ಮೆಷಿನ್ನಿನದು ಎಂದು ನೋಡಿದರೇ ಗೊತ್ತಾಗುತ್ತದಲ್ಲ, ಇಷ್ಟು ದಿನ ನಿನಗೆ ಹೇಗೆ ಕಾಣಲಿಲ್ಲ ಎಂದ. ಕೆಳಗಿನ ಎರಡಕ್ಷರ ತೋರಿಸಿ, ಇದನ್ನು ನೋಡಿ ಎಂದೆ.

9 ಡಿಸೆಂಬರ್, ಬುಧವಾರ

ಗ್ಯಾರಿಸನ್ ನ್ಯಾನ್ಸಿಯನ್ನು ಒಳಗೆ ಕರೆದ. ಇಪ್ಪತ್ತು ನಿಮಿಷ. ಆಮೇಲೆ ನನ್ನನ್ನು ಕರೆದ. ಅವಳು ಒಪ್ಪಿಕೊಂಡಳಂತೆ. ಯಾಕೆ ಮಾಡಿದೆ ಎಂದರೆ ‘ಸಾರಿ’ ಬಿಟ್ಟು ಬೇರೆ ಮಾತಿಲ್ಲವಂತೆ. ಇನಿಶಿಯಲ್ಸ್ ಸುಳ್ಳು ಹಾಕುವುದು ಸಣ್ಣ ವಿಷಯವಲ್ಲ, ಯಾರನ್ನು ಉಳಿಸಿಕೊಳ್ಳಬೇಕೆಂಬುದು ನನಗೆ ಈಗ ಸುಲಭವಾಯಿತು ಎಂದ. ಕೈ ಕುಲುಕಿದ.

ಗೆದ್ದೆ. ಪ್ರಭಾಳ ಪರೀಕ್ಷೆ ಉಳಿಯಿತು. ಪದ್ಮಳಿಗೆ ಹೇಳಿದರೆ, “ಆ ಹುಡುಗಿ ಏನಂದ್ಳು?” ಎಂದಳು. ಏನೂ ಅನ್ನಲಿಲ್ಲ ಎಂದೆ. “ಏನೂ ಅನ್ಲಿಲ್ವಾ?” ಎಂದು ಮತ್ತೆ ಕೇಳಿದಳು. ಇವಳೊಬ್ಬಳು.

12 ಡಿಸೆಂಬರ್, ಶನಿವಾರ

ನಿಂತರೆ ಕೂರಬೇಕು, ಕೂತರೆ ನಿಲ್ಲಬೇಕು.

ನ್ಯಾನ್ಸಿ ಎಂದಿನಂತೆ ಬರುತ್ತಾಳೆ. “ಚಾ ಕುಡಿದ್ರಾ ಸಾರ್?” ಎಂದು ಕೇಳುತ್ತಾಳೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವತ್ತು ಎರಡು ಕಾಗದ ವಾಪಸ್ ಬಂದವು. ಹನ್ನೊಂದು ಕೆಂಪು ಸುತ್ತು.

17 ಡಿಸೆಂಬರ್, ಗುರುವಾರ

ಇವತ್ತಿನದನ್ನು ಹೇಗೆ ಬರೆಯಲಿ. ಬರೆಯಲೇಬೇಕು.

ಗುರುವಾರ ಅರ್ಧ ದಿನ. ಮಧ್ಯಾಹ್ನ ಮನೆಗೆ ಬಿಡುವಾಗ ಹಂಝ ಸಮುದ್ರದ ಪಕ್ಕ ವ್ಯಾನ್ ನಿಲ್ಲಿಸಿದ. ಸೀಟಿನ ಕೆಳಗಿನಿಂದ ಒಂದು ದಪ್ಪ ಲಕೋಟೆ ತೆಗೆದು ನನ್ನ ತೊಡೆಯ ಮೇಲಿಟ್ಟ.

“ನ್ಯಾನ್ಸಿ ಮೇಡಂ ಇದನ್ನು ಸುಡ್ಲಿಕ್ಕೆ ಕೊಟ್ಟದ್ದು. ನಾನು ಸುಡ್ಲಿಲ್ಲ. ನೀವು ಟೈಪ್ ಮಾಡಿದ್ದು ಸಾರ್ ಇದೆಲ್ಲ. ಒರಿಜಿನಲ್.”

“ಅವಳ ಹತ್ರ ಯಾಕಿತ್ತು?”

“ತಪ್ಪುಂಟು ಅದ್ರಲ್ಲಿ. ದಿನಾ ಸಂಜೆ ಕೂತು ಮೇಡಂ ಹೊಸದು ಟೈಪ್ ಮಾಡ್ತಿದ್ರು, ನಿಮ್ಮ ಹೆಸರಲ್ಲೇ. ನಾನೇ ಕೇಳಿದೆ, ನಿಮ್ಗೆಂತಕ್ಕೆ ಮೇಡಂ ಈ ಉಸಾಬರಿ, ಅವ್ರು ಹೋದ್ರೆ ಕೆಲಸ ನಿಮ್ದೇ ಅಲ್ವಾ ಅಂತ. ಎಂತ ಹೇಳಿದ್ರು ಗೊತ್ತುಂಟಾ? ಕೆಲಸ ಹೋದ್ರೂ ನಂಗೆ ಡೋಲ್ಫಿಯ ಇಕಾಮಾ ಉಂಟು ಹಂಝ, ಸಾರಿಗೆ ಎಂತ ಉಂಟು? ಮಗಳ ಪರೀಕ್ಷೆ ಮುಗಿಯುವವರೆಗೆ ಹೇಗಾದ್ರೂ ದಾಟಿಸುವ ಅಂತ.”

ಹಂಝ ಗಾಡಿ ಸ್ಟಾರ್ಟ್ ಮಾಡಿದ. “ನೀವು ಕೆಟ್ಟವರಲ್ಲ ಸಾರ್. ಆದ್ರೆ ಆ ಹೆಣ್ಣಿಗೆ ಅನ್ಯಾಯ ಆಯ್ತು. ಖಲಾಸ್, ನಾನು ಹೇಳಿಯಾಯ್ತು” ಎಂದ.

ಮನೆಗೆ ಬಂದು ಕಿಟಕಿಯ ಹತ್ತಿರ ಕೂತು ಒಂದೊಂದೇ ಹಾಳೆ ಸವರಿದೆ. ಒರಟು. ತೂತು. ನನ್ನವೇ. ಓದಲು ನೋಡಿದೆ. ಒಳ್ಳೆಯ ಬಿಸಿಲಿತ್ತು, ಬಲ್ಬಿನ ಮೇಲೆ ಹೊರಿಸುವಂತಿರಲಿಲ್ಲ. ಅಕ್ಷರಗಳು ಹಾಲಿನೊಳಗೆ ಬಿದ್ದ ಹಾಗಿದ್ದವು.

ಪ್ರಭಾಳನ್ನು ಕರೆದು, ಹಾಳೆಗೆ ಪಿನ್ ಮಾಡಿದ್ದ ಗ್ಯಾರಿಸನ್ ಕರಡು ಮತ್ತು ಕಾಗದ ಎರಡನ್ನೂ ಕೊಟ್ಟು ಹೋಲಿಸಿ ಓದು ಎಂದೆ. ಓದಿದಳು. “ದಿಸ್ ಲೈನ್ ಇಸ್ ಮಿಸ್ಸಿಂಗ್, ಅಪ್ಪಾ.” “ಹಿಯರ್, ಸೇಮ್ ಲೈನ್ ಟ್ವೈಸ್.” ವಾಲ್ವ್ ಕಾಗದದಲ್ಲಿ ಎಂಟು ಇಂಚು ಇರಬೇಕಾದಲ್ಲೆಲ್ಲ ಮೂರು ಇಂಚು. ಆ ಕಾಗದ ಹೊರಗೆ ಹೋಗಿದ್ದರೆ ಎಂಟು ಇಂಚಿನ ಪೈಪಿಗೆ ಮೂರು ಇಂಚಿನ ವಾಲ್ವ್ ಬಂದು ಇಳಿಯುತ್ತಿತ್ತು. ‘ಯು’ ಎಲ್ಲಿಯಾದರೂ ತಪ್ಪಿದೆಯಾ ನೋಡು ಎಂದೆ. ಹುಡುಕಿದಳು. ಒಂದೂ ಇಲ್ಲವಂತೆ. ಸ್ಪೆಲ್ಲಿಂಗೆಲ್ಲ ಸರಿಯಾಗಿದೆಯಂತೆ. ಬೆರಳು ಕಲಿತಿತ್ತು. ಕಣ್ಣು ಕೈಕೊಟ್ಟಿತ್ತು.

ನಲವತ್ತಮೂರು ಕಾಗದಗಳಿದ್ದವು. ಹದಿನೈದನೆಯದಕ್ಕೆ ಅವಳ ಸ್ವರ ಸಣ್ಣಗಾಯಿತು. ಹಾಳೆ ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡು, “ಅಪ್ಪಾ, ಸಾಕು” ಎಂದಳು.

ಕನ್ನಡದಲ್ಲಿ.

18 ಡಿಸೆಂಬರ್, ಶುಕ್ರವಾರ

ವಾರದ ರಜೆ. ಇಡೀ ದಿನ ಮನೆಯಲ್ಲಿ ಶತಪಥ ಹಾಕಿದೆ. ನಾಳೆ ನಿಜ ಹೇಳಿದರೆ ಕೆಲಸ ಹೋಗುತ್ತದೆ, ಇಕಾಮಾ ಹೋಗುತ್ತದೆ, ಪ್ರಭಾಳ ವರ್ಷ ಹೋಗುತ್ತದೆ. ಹೇಳದಿದ್ದರೆ ಎಲ್ಲವೂ ಉಳಿಯುತ್ತದೆ. ನ್ಯಾನ್ಸಿ ಬಾಯಿ ಬಿಡುವುದಿಲ್ಲ, ಅದು ಗೊತ್ತಾಗಿದೆ.

ಸಂಜೆ ಪದ್ಮಳನ್ನೂ ಪ್ರಭಾಳನ್ನೂ ಕೂರಿಸಿಕೊಂಡು ಕೇಳಿದೆ. ಪದ್ಮ, “ನಂಗೇನು ಕೇಳ್ತೀರಿ, ಪರೀಕ್ಷೆ ಬರೆಯೋಳನ್ನ ಕೇಳಿ” ಎಂದಳು. ಪ್ರಭಾ ಬಹಳ ಹೊತ್ತು ಉಗುರು ಕಚ್ಚಿದಳು. ಆಮೇಲೆ, “ಹೇಳ್ಬಿಡಿ ಅಪ್ಪಾ. ನೆಕ್ಸ್ಟ್ ಇಯರ್ ಬರೀತೀನಿ” ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಅಳುತ್ತಿದ್ದಳು. ನನಗೆ ಕಣ್ಣು ಮಂದವಾಗಿರಬಹುದು, ಕಿವಿ ಚೆನ್ನಾಗಿದೆ.

19 ಡಿಸೆಂಬರ್, ಶನಿವಾರ

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಟೈಪ್ ಮಾಡಿದೆ. ಕರಡು ನೋಡುವ ಕಾಟವಿಲ್ಲ, ಎಲ್ಲ ಮನಸ್ಸಿನಿಂದ. ನನ್ನ ದೂರು ತಪ್ಪು. ನ್ಯಾನ್ಸಿ ಡಿಸೋಜ ನನ್ನ ತಪ್ಪುಗಳನ್ನು ತಿದ್ದಿದ್ದಾಳೆ. ನನಗೆ ಓದಲು ಕಣ್ಣು ಕಾಣುತ್ತಿಲ್ಲ, ಅದನ್ನು ನಾನು ಮುಚ್ಚಿಟ್ಟೆ. ಉಳಿಸಿಕೊಳ್ಳುವುದಾದರೆ ಅವಳನ್ನು ಉಳಿಸಿಕೊಳ್ಳಿ. ಕೆಳಗೆ ಎಡಮೂಲೆಯಲ್ಲಿ ‘ಎಲ್‌ಎನ್’, ಓರೆಗೆರೆ, ‘ಎಲ್‌ಎನ್’. ಲಕೋಟೆಯ ಜೊತೆ ಕೊಟ್ಟೆ.

ಗ್ಯಾರಿಸನ್ ಎಲ್ಲ ಹಾಳೆಗಳನ್ನು ತಿರುವಿದ. ಆಮೇಲೆ ತನ್ನ ಪೆನ್ಸಿಲ್ ಚೀಟಿಯೊಂದನ್ನು ಕೊಟ್ಟು ಓದು ಎಂದ. ಬಿಳಿ ಕಾಗದ ಕಂಡಿತು. ಇದೆ ಎಂದು ಗೊತ್ತಿರುವುದರಿಂದ ಒಂದಿಷ್ಟು ಬೂದು ಬಣ್ಣವೂ ಕಂಡಿತು. ಆಗುವುದಿಲ್ಲ ಎಂದೆ. ಎಷ್ಟು ದಿನದಿಂದ ಎಂದ. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.

ನನ್ನ ಕಾಗದವನ್ನು ಮೇಲೆತ್ತಿ, ಇದರಲ್ಲಿ ಒಂದೂ ತಪ್ಪಿಲ್ಲ ಎಂದ. ಹೊರಗೆ ಕೂರು ಎಂದ.

ಮಧ್ಯಾಹ್ನ ಕರೆದು ಹೇಳಿದ. ಕೆಲಸ ನ್ಯಾನ್ಸಿಯದು. ನನಗೆ ಏಪ್ರಿಲ್ ಕೊನೆಯವರೆಗೆ ಫೋನು ಮತ್ತು ಅಂಚೆಯ ಕೆಲಸ, ಇಕಾಮಾವನ್ನು ಅಲ್ಲಿಯವರೆಗೆ ಮುಂದೂಡಲು ನೋಡುತ್ತಾನಂತೆ. ಅದಾದ ಮೇಲೆ ಮನೆಗೆ. ಇದಕ್ಕಿಂತ ಹೆಚ್ಚು ನನ್ನ ಕೈಲಾಗದು ಎಂದ. ನಾನು ಇಷ್ಟನ್ನೂ ಕೇಳಿರಲಿಲ್ಲ. ಪರೀಕ್ಷೆ ಮಾರ್ಚಿನಲ್ಲಿ ಎಂದು ಅವನಿಗೆ ಯಾರು ಹೇಳಿದರು? ನಾನಂತೂ ಹೇಳಿಲ್ಲ.

25 ಡಿಸೆಂಬರ್, ಶುಕ್ರವಾರ

ಹಂಝನ ಕೈಯಲ್ಲಿ ನ್ಯಾನ್ಸಿ ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿ ಕಳಿಸಿದ್ದಾಳೆ. ಮೊಟ್ಟೆ ಇಲ್ಲದ್ದನ್ನು ಮಾತ್ರ ಆರಿಸಿ ಬೇರೆ ಡಬ್ಬಿಗೆ ಹಾಕಿದ್ದಾಳೆ. ವಾಪಸ್ ಕಳಿಸುವ ಡಬ್ಬಿಗೆ ಪದ್ಮ ಕೋಡುಬಳೆ ತುಂಬಿದಳು. “ನೀವೇ ಹೋಗಿ ಕೊಟ್ಟು ಒಂದು ಮಾತು ಹೇಳಿ ಬನ್ನಿ” ಎಂದಳು. ಹೋಗಲಿಲ್ಲ, ಹಂಝನ ಕೈಗೇ ಕೊಟ್ಟೆ. ಆರು ದಿನ ಎದುರೆದುರು ಕೂತರೂ ಆ ಒಂದು ಮಾತು ಬಾಯಿಗೆ ಬರುತ್ತಿಲ್ಲ. ಗಂಟಲವರೆಗೆ ಬರುತ್ತದೆ, ಆಮೇಲೆ “ಆ ಫೈಲ್ ಎಲ್ಲಮ್ಮ” ಎಂದು ಬೇರೆ ಏನೋ ಆಗಿ ಹೊರಬೀಳುತ್ತದೆ.

6 ಜನವರಿ 1982, ಬುಧವಾರ

ಎರಡೂ ಕಣ್ಣಿಗೆ ಪೊರೆ. ಎರಡು ವರ್ಷದ ಬೆಳೆ ಎಂದರು ಡಾಕ್ಟರು. ಶನಿವಾರ ಬಲಗಣ್ಣಿನ ಆಪರೇಷನ್. ಹೆದರಿಕೆ.

15 ಜನವರಿ, ಶುಕ್ರವಾರ

ಬಲಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಎಡಗಣ್ಣು ಮುಂದಿನ ತಿಂಗಳು. ಓದಬಾರದು, ಬರೆಯಬಾರದು, ಬಗ್ಗಬಾರದು. ಆದ್ದರಿಂದ ಇವತ್ತಿನದು ನನ್ನ ಕೈಬರಹವಲ್ಲ.

ಇಲ್ಲಿ ಚರ್ಚಿನ ಪೂಜೆಯೂ ಶುಕ್ರವಾರವೇ, ಅದನ್ನು ಮುಗಿಸಿಕೊಂಡು ನ್ಯಾನ್ಸಿ, ಡೋಲ್ಫಿ ನೋಡಲು ಬಂದಿದ್ದಾರೆ. ಪದ್ಮ ಕಾಫಿ ಮಾಡುತ್ತಿದ್ದಾಳೆ. ಡೋಲ್ಫಿ ಪ್ರಭಾಳಿಗೆ ವಿಜ್ಞಾನ ಹೇಳಿಕೊಡುತ್ತಾ ಪಡಸಾಲೆಯಲ್ಲಿ ಕೂತಿದ್ದಾನೆ. ದಿನಚರಿ ಬರೆಯದೆ ಕೈ ಕಡಿಯುತ್ತಿದೆ ಎಂದು ಸುಮ್ಮನೆ ಅಂದೆ. “ಅದಕ್ಕೆಂತ ಸಾರ್, ನೀವು ಹೇಳಿ, ನಾನು ಬರೀತೇನೆ. ಕನ್ನಡ ನಂಗೂ ಬರ್ತದೆ” ಎಂದು ನ್ಯಾನ್ಸಿ ಪೆನ್ನು ತೆಗೆದುಕೊಂಡಳು. ಸ್ಕೆಚ್ ಪೆನ್ ಬೇಡವಂತೆ.

ಸರಿ, ಬರಿಯಮ್ಮ. ಡಿಸೆಂಬರ್ ಎಂಟರಂದು ನಾನು ನ್ಯಾನ್ಸಿಯ ಮೇಲೆ ದೂರು ಕೊಟ್ಟೆ. ಅವಳು ನನ್ನ ಮಗಳ ವರ್ಷ ಉಳಿಸಲು ಸಂಜೆ ಸಂಜೆ ದುಡಿಯುತ್ತಿದ್ದಾಗ ನಾನು ಅವಳನ್ನು ಕಳ್ಳಿ ಎಂದುಕೊಂಡೆ. ಈ ಪುಸ್ತಕದಲ್ಲಿ ಹಿಂದಕ್ಕೆ ತಿರುವಿದರೆ ಅದೂ ಇದೆ, ಬೇಕಾದರೆ ಓದಲಿ.

ಪೆನ್ನಿನ ಸದ್ದು ನಿಂತಿತು. “ಇದೆಲ್ಲ ಯಾಕೆ ಸಾರ್, ಆದದ್ದಾಯ್ತಲ್ಲ ಮಾರಾಯ್ರೆ” ಎನ್ನುತ್ತಿದ್ದಾಳೆ. ಅದನ್ನೂ ಬರಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು ಟೈಪಿಸ್ಟಿನ ಧರ್ಮ, ಮೊದಲ ವಾರವೇ ಕಲಿಸಿಲ್ಲವೆ?

ಒಂದು ತಿಂಗಳಿಂದ ಅವಳ ಮುಖ ನೋಡಿ ಹೇಳಲು ಧೈರ್ಯ ಬರಲಿಲ್ಲ. ಇವತ್ತು ಮುಖ ಕಾಣುತ್ತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ತಪ್ಪಾಯಿತು ನ್ಯಾನ್ಸಿ.

ಬರೆದೆಯಾ ಎಂದೆ. “ಬರೆದೆ ಸಾರ್” ಎಂದಳು. ಓದಿ ಹೇಳು ಎಂದೆ. ಮೂಗು ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದೂ ತಪ್ಪಿಲ್ಲ.

ಕೆಳಗೆ ಎಡಮೂಲೆಯಲ್ಲಿ ಹಾಕು ಎಂದೆ. “ದಿನಚರಿಗೂ ಬೇಕಾ ಸಾರ್?” ಎಂದಳು. ಬೇಕು. ಯಾರ ಕೈ ಬರೆಯಿತೋ ಅವರದೇ ಇರಬೇಕು.

ಎಲ್‌ಎನ್/ಎನ್‌ಡಿ